ಸಂಘದ ಡೇಟಾಬೇಸ್ ಅಂತರ್ಜಾಲಕ್ಕೆ ತೆರೆದುಕೊಂಡಿದೆ. ಖಾಸಗಿ ನೆಟ್‌ವರ್ಕ್ ಒಳಗೆ ತರುವ ಕ್ರಮ ಯಾವುದು?

ಬೆಟ್ಟೆರಾಶಿ

ಶಿರಸಿ ಕಡೆಯ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದ ತಂತ್ರಾಂಶ ನೋಡಿಕೊಳ್ಳುವ ಕೆಲಸ ಇತ್ತೀಚೆಗೆ ನನ್ನ ಪಾಲಿಗೆ ಬಂದಿದೆ. ಸದಸ್ಯರ ಖಾತೆ, ದಿನದ ಟೆಂಡರು, ರಾಶಿ, ಬೆಟ್ಟೆ, ಚಾಲಿಯ ತೂಕ, ಸಾಲದ ಬಾಕಿ, ಬ್ಯಾಂಕ್ ಖಾತೆಯ ಸಂಖ್ಯೆ, ಪಹಣಿಯ ವಿವರ ಎಲ್ಲವೂ ಒಂದೇ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿವೆ. ಅದು ಅಮೆಜಾನ್ ಕ್ಲೌಡ್‌ನ ಮುಂಬಯಿ ವಲಯದಲ್ಲಿ ಆರ್‌ಡಿಎಸ್ (ಅಮೆಜಾನ್ ತಾನೇ ನಿರ್ವಹಿಸುವ ಡೇಟಾಬೇಸ್ ಸೇವೆ) ಮೇಲೆ ನಡೆಯುತ್ತಿದೆ. ವೆಬ್ ಅಪ್ಲಿಕೇಶನ್ ಅದೇ ವಿಪಿಸಿಯೊಳಗಿನ (ಅಮೆಜಾನ್‌ನಲ್ಲಿ ನಮಗೆಂದೇ ಇರುವ ನೆಟ್‌ವರ್ಕ್) ಒಂದು ಇಸಿ2 ಯಂತ್ರದಲ್ಲಿದೆ (ಬಾಡಿಗೆಯ ಸರ್ವರ್).

ಮೊದಲು ಕಟ್ಟಿದವರು ಡೇಟಾಬೇಸ್‌ಗೆ ಸಾರ್ವಜನಿಕ ಪ್ರವೇಶ ಕೊಟ್ಟು, ಸೆಕ್ಯುರಿಟಿ ಗ್ರೂಪ್‌ನಲ್ಲಿ (ಯಾವ ಸಂಪರ್ಕ ಒಳಬರಬಹುದು ಎಂಬ ನಿಯಮಗಳ ಪಟ್ಟಿ) ಪೋಸ್ಟ್‌ಗ್ರೆಸ್‌ನ 5432 ಪೋರ್ಟನ್ನು 0.0.0.0/0ಗೆ, ಅಂದರೆ ಇಡೀ ಅಂತರ್ಜಾಲಕ್ಕೆ, ತೆರೆದಿಟ್ಟಿದ್ದಾರೆ. ಕಾರಣ ಇಷ್ಟೇ: ಮೂರು ಶಾಖೆಗಳಲ್ಲಿ ತೂಕ ದಾಖಲಿಸುವ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶ ನೇರವಾಗಿ ಡೇಟಾಬೇಸ್‌ಗೆ ಸಂಪರ್ಕಿಸುತ್ತದೆ, ಶಾಖೆಗಳ ಇಂಟರ್‌ನೆಟ್ ವಿಳಾಸವೋ ಆಗಾಗ ಬದಲಾಗುತ್ತದೆ. ಪ್ರಧಾನ ಕಚೇರಿಯ ಲೆಕ್ಕಿಗರು ಎಕ್ಸೆಲ್‌ನಿಂದ ವರದಿ ಎಳೆದುಕೊಳ್ಳುತ್ತಾರೆ. ಲೆಕ್ಕಪರಿಶೋಧಕರ ಕಡೆಯವರಿಗೂ ಒಂದು ಬಳಕೆದಾರ ಹೆಸರು ಕೊಡಲಾಗಿದೆ.

ಲಾಗ್ ತೆರೆದು ನೋಡಿದರೆ ಗೊತ್ತುಗುರಿಯಿಲ್ಲದ ವಿಳಾಸಗಳಿಂದ 'ಪೋಸ್ಟ್‌ಗ್ರೆಸ್', 'ಅಡ್ಮಿನ್' ಎಂಬ ಹೆಸರುಗಳಲ್ಲಿ ಹಗಲು ರಾತ್ರಿ ಲಾಗಿನ್ ಪ್ರಯತ್ನಗಳು ನಡೆಯುತ್ತಿವೆ. ಈವರೆಗೆ ಯಾರೂ ಒಳಗೆ ಬಂದಂತಿಲ್ಲ. ಆದರೂ ಇದನ್ನು ಹೀಗೇ ಬಿಡಲು ಮನಸ್ಸು ಒಪ್ಪುತ್ತಿಲ್ಲ.

ಖಾಸಗಿ ನೆಟ್‌ವರ್ಕ್ ಒಳಗೆ ತರಬೇಕೆಂದರೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕೇ? ಖಾಸಗಿ ನೆಟ್‌ವರ್ಕ್‌ನಿಂದ ಹೊರಗೆ ಹೋಗಲು ದಾರಿ ಕೊಡುವ ನ್ಯಾಟ್ ಗೇಟ್‌ವೇಯ ಖರ್ಚು ಕೇಳಿ ಕಾರ್ಯದರ್ಶಿಗಳು ಹಿಂಜರಿಯುತ್ತಿದ್ದಾರೆ. ಟೆಂಡರು ನಡೆಯುವ ಹೊತ್ತಿನಲ್ಲಿ ವ್ಯವಸ್ಥೆ ನಿಂತರೆ ಬೆಳೆಗಾರರಿಗೆ ತೊಂದರೆ. ಅನುಭವವಿರುವವರು ದಯವಿಟ್ಟು ದಾರಿ ತೋರಿಸಿ.

ಸ್ವಿಚ್‌ಪೋರ್ಟ್

ಸದ್ಯಕ್ಕೆ 5432 ಬಿಟ್ಟು ಯಾರೂ ಊಹಿಸದ ಪೋರ್ಟಿಗೆ ಬದಲಿಸಿ, ಪಾಸ್‌ವರ್ಡ್ ಉದ್ದ ಮಾಡಿ. ಶಾಖೆಗಳಿಗೆ ಸ್ಥಿರ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ತೆಗೆದುಕೊಂಡು ಆ ಮೂರು ವಿಳಾಸಗಳಿಗೆ ಮಾತ್ರ ಅನುಮತಿ ಕೊಡಿ. ಸಣ್ಣ ಸಂಘಕ್ಕೆ ವಿಪಿಎನ್ (ಅಂತರ್ಜಾಲದ ಮೂಲಕ ಖಾಸಗಿ ನೆಟ್‌ವರ್ಕ್‌ಗೆ ಗೂಢವಾದ ದಾರಿ) ಎಲ್ಲ ದುಬಾರಿ.

ಹಳೆಯ ಡಿಬಿಎ

ಮೇಲಿನ ಉತ್ತರದಲ್ಲಿ ಸ್ಥಿರ ಐಪಿಯ ಸಲಹೆ ತಾತ್ಕಾಲಿಕವಾಗಿ ಒಳ್ಳೆಯದೇ. 0.0.0.0/0ಗಿಂತ ಮೂರು ವಿಳಾಸ ಖಂಡಿತ ಮೇಲು. ಆದರೆ ಪೋರ್ಟ್ ಬದಲಿಸುವುದನ್ನು ರಕ್ಷಣೆ ಎಂದು ಲೆಕ್ಕಕ್ಕೆ ಹಿಡಿಯಬೇಡಿ. ಮಿಶಿಗನ್ ವಿಶ್ವವಿದ್ಯಾಲಯದವರು 2013ರಲ್ಲಿ ಹೊರತಂದ ಝಡ್‌ಮ್ಯಾಪ್ ಎಂಬ ಉಪಕರಣ ಒಂದು ಪೋರ್ಟಿಗಾಗಿ ಇಡೀ ಐಪಿವಿ4 ಜಗತ್ತನ್ನು (ಅಂತರ್ಜಾಲದ ಸಾಮಾನ್ಯ ವಿಳಾಸಗಳೆಲ್ಲವನ್ನೂ) ಒಂದೇ ಯಂತ್ರದಿಂದ 45 ನಿಮಿಷದೊಳಗೆ ಜಾಲಾಡಿತ್ತು. ನಿಮ್ಮ ಡೇಟಾಬೇಸ್ ಯಾವ ಪೋರ್ಟಿನಲ್ಲಿ ಅಡಗಿದ್ದರೂ ಹುಡುಕುವವರಿಗೆ ಸ್ವಲ್ಪ ತಡವಾಗುತ್ತದೆ, ಅಷ್ಟೇ.

ತೆರೆದಿಟ್ಟ ಡೇಟಾಬೇಸ್‌ಗಳಿಗೆ ಏನಾಗುತ್ತದೆ ಎಂಬುದು ಊಹೆಯ ಮಾತಲ್ಲ. 2017ರ ಜನವರಿಯಲ್ಲಿ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ, ಪಾಸ್‌ವರ್ಡ್ ಇಲ್ಲದ ಸಾವಿರಾರು ಮಾಂಗೊಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ಬಿಟ್‌ಕಾಯಿನ್ ಕೇಳುವ ಚೀಟಿ ಇಟ್ಟು ಹೋದರು. 2020ರ ಜುಲೈಯಲ್ಲಿ 'ಮಿಯಾಂವ್' ದಾಳಿ ನಡೆದಾಗ ಹಣವನ್ನೂ ಕೇಳಲಿಲ್ಲ, ಸುಮ್ಮನೆ ಅಳಿಸಿ ಹೋದರು. ಅಲ್ಲಿ ಯಾರೂ ಯಾರನ್ನೂ ಆರಿಸಿಕೊಂಡಿರಲಿಲ್ಲ. ಸಿಕ್ಕಿದ್ದನ್ನು ಯಂತ್ರ ಒರೆಸಿಹಾಕಿತು. ಶಿರಸಿಯ ಸಂಘ ಚಿಕ್ಕದು, ನಮ್ಮನ್ನು ಯಾರು ಹುಡುಕಿ ಬರುತ್ತಾರೆ ಎಂದು ಆಡಳಿತ ಮಂಡಳಿಯಲ್ಲಿ ಯಾರಾದರೂ ಕೇಳಿದರೆ ಈ ಎರಡು ಘಟನೆಗಳನ್ನು ಹೇಳಿ. ಜೊತೆಗೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ ಸೂಕ್ತ ಭದ್ರತಾ ಕ್ರಮ ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ ಎಂಬುದನ್ನೂ ತಿಳಿಸಿ.

ಈಗ ನಿಮ್ಮ ವಿಷಯ. ಹೊಸದಾಗಿ ಕಟ್ಟಬೇಕಾಗಿಲ್ಲ, ಈ ಭಯ ಮೊದಲು ಬಿಡಿ. ಆರ್‌ಡಿಎಸ್‌ನ ವಿಳಾಸದ ಹೆಸರಿಗೆ ಒಂದು ಗುಣವಿದೆ. ಸಾರ್ವಜನಿಕ ಪ್ರವೇಶ ಇದ್ದರೂ ವಿಪಿಸಿಯ ಒಳಗಿನಿಂದ ಆ ಹೆಸರನ್ನು ಕೇಳಿದರೆ ಖಾಸಗಿ ಐಪಿ ಸಿಗುತ್ತದೆ, ಹೊರಗಿನಿಂದ ಕೇಳಿದರೆ ಸಾರ್ವಜನಿಕ ಐಪಿ. ಹಾಗಾಗಿ ನಿಮ್ಮ ವೆಬ್ ಅಪ್ಲಿಕೇಶನ್ ಈಗಲೂ ಖಾಸಗಿ ದಾರಿಯಲ್ಲೇ ಡೇಟಾಬೇಸನ್ನು ತಲುಪುತ್ತಿದೆ. ಇಸಿ2 ಯಂತ್ರದಿಂದ ಆ ಹೆಸರಿನ ಐಪಿ ಯಾವುದೆಂದು ನೋಡಿ. ನಿಮ್ಮದು ಅಮೆಜಾನ್ ತಾನಾಗಿ ಕೊಟ್ಟ ಡೀಫಾಲ್ಟ್ ವಿಪಿಸಿ ಆಗಿದ್ದರೆ 172.31ರಿಂದ ಆರಂಭವಾಗುತ್ತದೆ. ಸಾರ್ವಜನಿಕ ಪ್ರವೇಶವನ್ನು 'ಇಲ್ಲ' ಎಂದು ಬದಲಿಸಿದರೆ ಹೆಸರು ಅದೇ ಇರುತ್ತದೆ, ಡೇಟಾಬೇಸ್ ನಿಲ್ಲುವುದೂ ಇಲ್ಲ. ಅಪ್ಲಿಕೇಶನ್‌ನ ಸಂರಚನಾ ಕಡತದಲ್ಲಿ ಯಾರಾದರೂ ಹೆಸರಿನ ಬದಲು ಸಾರ್ವಜನಿಕ ಐಪಿಯನ್ನೇ ಬರೆದಿದ್ದರೆ ಮಾತ್ರ ಅದು ಮುರಿಯುತ್ತದೆ. ಅದನ್ನೊಮ್ಮೆ ಪರೀಕ್ಷಿಸಿ.

ನ್ಯಾಟ್ ಗೇಟ್‌ವೇಯೂ ಇಲ್ಲಿ ಬೇಡ. ಖಾಸಗಿ ಸಬ್‌ನೆಟ್ (ನೆಟ್‌ವರ್ಕ್‌ನ ಒಂದು ಒಳಭಾಗ) ಎಂದ ಕೂಡಲೇ ನ್ಯಾಟ್ ಬೇಕು ಎಂದು ಬಹಳ ಮಂದಿ ಹೇಳುತ್ತಾರೆ. ಒಳಗಿರುವ ಯಂತ್ರ ತಾನಾಗಿ ಹೊರಗೆ ಹೋಗಿ ಏನಾದರೂ ತರಬೇಕಿದ್ದರೆ ಅದು ಬೇಕು. ಆರ್‌ಡಿಎಸ್‌ನ ಪರಿಷ್ಕರಣೆ, ಬ್ಯಾಕಪ್ ಎಲ್ಲವನ್ನೂ ಅಮೆಜಾನ್ ತನ್ನದೇ ನಿರ್ವಹಣಾ ದಾರಿಯಲ್ಲಿ ಮಾಡಿಕೊಳ್ಳುತ್ತದೆ. ವೆಬ್ ಯಂತ್ರ ಈಗಿರುವ ಜಾಗದಲ್ಲೇ ಇರಲಿ. ಇಷ್ಟರ ಮಟ್ಟಿಗೆ ಖರ್ಚು ಏರುವ ಬದಲು ಸ್ವಲ್ಪ ಇಳಿಯುತ್ತದೆ: 2024ರ ಫೆಬ್ರವರಿಯಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಶುಲ್ಕವಿದೆ, ಡೇಟಾಬೇಸ್‌ನ ವಿಳಾಸ ಹೋದರೆ ತಿಂಗಳಿಗೆ ಸುಮಾರು ಮೂರೂವರೆ ಡಾಲರ್ ಉಳಿಯುತ್ತದೆ. ಕಾರ್ಯದರ್ಶಿಗಳಿಗೆ ಇದನ್ನು ಹೇಳಿ.

ಇಷ್ಟೆಲ್ಲ ಸುಲಭದ ಭಾಗ. ಕಷ್ಟವಿರುವುದು ಆ ಡೇಟಾಬೇಸ್‌ಗೆ ಯಾರು ಯಾರು ಬರುತ್ತಾರೆ ಎಂಬ ಪಟ್ಟಿಯಲ್ಲಿ. ನನ್ನ ವೃತ್ತಿಜೀವನದಲ್ಲಿ ಕಂಡ ಖಾಸಗಿ ನೆಟ್‌ವರ್ಕ್‌ಗಳಲ್ಲಿ ಹಾಳಾದವು ಬಹುಪಾಲು ಇದೇ ಕಾರಣಕ್ಕೆ ಹಾಳಾದವು. ಬಾಗಿಲು ಮುಚ್ಚಿದ ಮಾರನೆಯ ದಿನ ಯಾರದೋ ವರದಿ ನಿಲ್ಲುತ್ತದೆ, ಫೋನ್ ಬರುತ್ತದೆ, 'ಇವತ್ತೊಂದು ದಿನಕ್ಕೆ' ಎಂದು ನಿಯಮ ಸಡಿಲಿಸುತ್ತಾರೆ, ಆ ಒಂದು ದಿನ ಮುಗಿಯುವುದೇ ಇಲ್ಲ. ಆದ್ದರಿಂದ ಮುಚ್ಚುವ ಮೊದಲು ಪಟ್ಟಿ ಮಾಡಿ. ಪ್ಯಾರಾಮೀಟರ್ ಗ್ರೂಪ್‌ನಲ್ಲಿ (ಡೇಟಾಬೇಸ್‌ನ ಸೆಟ್ಟಿಂಗ್‌ಗಳ ಪಟ್ಟಿ) ಸಂಪರ್ಕಗಳನ್ನು ಲಾಗ್ ಮಾಡುವ ಆಯ್ಕೆಯನ್ನು ಚಾಲೂ ಮಾಡಿ. ಒಂದು ತಿಂಗಳ ಕೊನೆ ಆ ಲಾಗ್‌ನ ಅವಧಿಯೊಳಗೆ ಬರುವಂತೆ ನೋಡಿಕೊಳ್ಳಿ, ಏಕೆಂದರೆ ತಿಂಗಳಿಗೊಮ್ಮೆ ಮಾತ್ರ ಓಡುವ ವರದಿಗಳಿರುತ್ತವೆ. ಯಶಸ್ವಿಯಾಗಿ ಒಳಬಂದ ಪ್ರತಿ ವಿಳಾಸಕ್ಕೂ ಎದುರಿಗೆ ಒಬ್ಬ ಮನುಷ್ಯನ ಹೆಸರು, ಒಂದು ಕೆಲಸ ಬರೆಯಿರಿ. ಬರೆಯಲಾಗದ ವಿಳಾಸ ಉಳಿದರೆ ಅದರ ಹಿಂದೆ ಬೀಳಿ.

ಶಾಖೆಗಳಿಗೆ ನನ್ನ ಆಯ್ಕೆ ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ. ಅಮೆಜಾನ್‌ನದೇ ಕ್ಲೈಂಟ್ ವಿಪಿಎನ್ ಚೆನ್ನಾಗಿದೆ, ಆದರೆ ಸಬ್‌ನೆಟ್ ಜೋಡಣೆಗೆ ಗಂಟೆ ಲೆಕ್ಕ, ಪ್ರತಿ ಸಂಪರ್ಕಕ್ಕೂ ಗಂಟೆ ಲೆಕ್ಕ. ದಿನವಿಡೀ ತೆರೆದಿರುವ ಶಾಖೆಗಳಿಗೆ ಅದು ಭಾರ. ವೈರ್‌ಗಾರ್ಡ್‌ಗೆ ಅತಿ ಸಣ್ಣ ಇಸಿ2 ಯಂತ್ರ ಸಾಕು. 2020ರಲ್ಲಿ ಬಂದ ಲಿನಕ್ಸ್ 5.6ರಿಂದ ಅದು ಕರ್ನಲ್‌ನಲ್ಲೇ ಇದೆ. ಶಾಖೆಯ ಐಪಿ ಎಷ್ಟು ಬದಲಾದರೂ ತೊಂದರೆಯಿಲ್ಲ, ಗುರುತು ಇರುವುದು ಕೀಲಿಯಲ್ಲಿ. ಸರಿಯಾದ ಕೀಲಿ ಇಲ್ಲದೆ ಬಂದ ಪ್ಯಾಕೆಟ್‌ಗೆ ಅದು ಉತ್ತರವನ್ನೇ ಕೊಡುವುದಿಲ್ಲವಾದ್ದರಿಂದ, ಜಾಲಾಡುವವರಿಗೆ ಅಲ್ಲಿ ಏನೋ ಇದೆ ಎಂಬುದೂ ತಿಳಿಯುವುದಿಲ್ಲ.

ಇದರಲ್ಲಿ ಎರಡು ಕಡೆ ಜನ ಎಡವುತ್ತಾರೆ. ವಿಪಿಎನ್‌ಗೆ 192.168.1ರ ವಿಳಾಸ ಕೊಡಬೇಡಿ. ಶಾಖೆಗಳ ರೂಟರುಗಳು ಬಹುತೇಕ ಅದನ್ನೇ ಬಳಸುತ್ತವೆ, ಎರಡೂ ಡಿಕ್ಕಿಯಾಗುತ್ತವೆ. 10.77.0.0/24ರಂತಹ ಬೇರೆ ವ್ಯಾಪ್ತಿ ಇಡಿ. ಎರಡನೆಯದು ಸೆಕ್ಯುರಿಟಿ ಗ್ರೂಪ್. ಡೇಟಾಬೇಸ್‌ನ ಗ್ರೂಪ್‌ನಲ್ಲಿ ವೆಬ್ ಯಂತ್ರಕ್ಕೆ ಅನುಮತಿ ಕೊಡುವಾಗ ಐಪಿ ಬರೆಯದೆ ವೆಬ್ ಯಂತ್ರದ ಸೆಕ್ಯುರಿಟಿ ಗ್ರೂಪನ್ನೇ ಮೂಲವಾಗಿ ಹೆಸರಿಸಿ, ಅದು ಸರಿಯಾದ ಕ್ರಮ. ಆದರೆ ವಿಪಿಎನ್ ಯಂತ್ರ ಶಾಖೆಗಳ ಪ್ಯಾಕೆಟ್‌ಗಳನ್ನು ಅವುಗಳ ಮೂಲ ವಿಳಾಸದಲ್ಲೇ ದಾಟಿಸುವುದಾದರೆ ಈ ಕ್ರಮ ಕೆಲಸ ಮಾಡುವುದಿಲ್ಲ; ಗ್ರೂಪ್ ಹೆಸರಿಸಿದಾಗ ಅದು ನೋಡುವುದು ಆ ಯಂತ್ರದ ಸ್ವಂತ ಖಾಸಗಿ ಐಪಿಯನ್ನು. ಆಗ 10.77.0.0/24 ಎಂದೇ ನಿಯಮ ಬರೆಯಬೇಕು, ಆ ವ್ಯಾಪ್ತಿಗೆ ರೂಟ್ ಟೇಬಲ್‌ನಲ್ಲಿ (ಯಾವ ವಿಳಾಸಕ್ಕೆ ಯಾವ ದಾರಿ ಎಂಬ ಪಟ್ಟಿ) ವಿಪಿಎನ್ ಯಂತ್ರದತ್ತ ದಾರಿ ಹಾಕಬೇಕು, ಆ ಯಂತ್ರದ ಮೂಲ-ಗಮ್ಯ ತಪಾಸಣೆಯನ್ನು (ತನ್ನದಲ್ಲದ ವಿಳಾಸದ ಪ್ಯಾಕೆಟ್‌ಗಳನ್ನು ತಡೆಯುವ ವ್ಯವಸ್ಥೆ) ನಿಲ್ಲಿಸಬೇಕು. ಕೆಲಸ ತುಸು ಹೆಚ್ಚು. ಆದರೆ ಲಾಗ್‌ನಲ್ಲಿ ಯಾವ ಶಾಖೆ ಬಂತು ಎಂದು ಸ್ಪಷ್ಟವಾಗಿ ಕಾಣುತ್ತದೆ, ಅದಕ್ಕಾಗಿ ನಾನು ಇದನ್ನೇ ಮಾಡುತ್ತೇನೆ.

ಹೆಸರಿನ ಬಗ್ಗೆ ಚಿಂತೆ ಬೇಡ. ಸಾರ್ವಜನಿಕ ಪ್ರವೇಶ ತೆಗೆದ ಮೇಲೆ ಆರ್‌ಡಿಎಸ್ ಹೆಸರು ಎಲ್ಲಿಂದ ಕೇಳಿದರೂ ಖಾಸಗಿ ಐಪಿಯನ್ನೇ ಹೇಳುತ್ತದೆ, ವಿಪಿಎನ್ ಮೂಲಕ ಅದು ತಲುಪುತ್ತದೆ. ಕೆಲವು ರೂಟರುಗಳು ಮಾತ್ರ ಹೊರಗಿನ ಡಿಎನ್‌ಎಸ್‌ನಿಂದ (ಹೆಸರಿಗೆ ಐಪಿ ಹೇಳುವ ಸೇವೆ) ಖಾಸಗಿ ಐಪಿ ಬಂದರೆ ಆ ಉತ್ತರವನ್ನು ತಡೆದುಬಿಡುತ್ತವೆ. ಒಂದು ಶಾಖೆಯಲ್ಲಿ ಮಾತ್ರ ಹೆಸರು ಸಿಗುತ್ತಿಲ್ಲ ಎಂದಾದರೆ ಇದನ್ನು ಅನುಮಾನಿಸಿ.

ನೀಲಿಮುಗಿಲು

ನಾನು ಕೆಲಸ ಮಾಡುವುದು ಮೈಕ್ರೋಸಾಫ್ಟ್‌ನ ಕ್ಲೌಡ್ ಆದ ಅಜೂರ್ ಮೇಲೆ. ಅದನ್ನು ಬಳಸುವವರೂ ಇಲ್ಲಿ ಓದುತ್ತಿರಬಹುದು ಎಂದು ಎರಡು ಮಾತು.

ಅಜೂರ್‌ನ ಪೋಸ್ಟ್‌ಗ್ರೆಸ್‌ನಲ್ಲಿ 'ಅಜೂರ್ ಒಳಗಿನ ಸೇವೆಗಳಿಗೆ ಪ್ರವೇಶ ಕೊಡಿ' ಎಂಬ ಅರ್ಥದ ಒಂದು ಚೌಕವಿದೆ. ನೋಡಲು ನಿರುಪದ್ರವಿ. ಆದರೆ ಅಲ್ಲಿ ಅಜೂರ್ ಎಂದರೆ ನಿಮ್ಮ ಖಾತೆಯಷ್ಟೇ ಅಲ್ಲ, ಬೇರೆ ಗ್ರಾಹಕರ ಯಂತ್ರಗಳೂ ಸೇರುತ್ತವೆ. ಯಾರು ಬೇಕಾದರೂ ಒಂದು ಅಜೂರ್ ಯಂತ್ರ ಬಾಡಿಗೆಗೆ ಪಡೆದು ನಿಮ್ಮ ಡೇಟಾಬೇಸ್‌ನ ಲಾಗಿನ್ ಬಾಗಿಲಿಗೆ ಬರಬಹುದು. ಅದನ್ನು ತೆಗೆಯಿರಿ.

ಇನ್ನೊಂದು, ಪ್ರೈವೇಟ್ ಎಂಡ್‌ಪಾಯಿಂಟ್ (ಡೇಟಾಬೇಸ್‌ಗೆ ಖಾಸಗಿ ಐಪಿ ಕೊಡುವ ವ್ಯವಸ್ಥೆ) ಹಾಕಿದ ಮೇಲೆ ಖಾಸಗಿ ಡಿಎನ್‌ಎಸ್ ವಲಯವನ್ನು ವಿನೆಟ್‌ಗೆ (ಅಜೂರ್‌ನ ಖಾಸಗಿ ನೆಟ್‌ವರ್ಕ್) ಜೋಡಿಸುವುದನ್ನು ಮರೆಯಬೇಡಿ. ಮರೆತರೆ ಹೆಸರು ಹಳೆಯ ಸಾರ್ವಜನಿಕ ಐಪಿಯನ್ನೇ ತೋರಿಸುತ್ತದೆ. ಎಲ್ಲವೂ ಕೆಲಸ ಮಾಡುತ್ತಿರುತ್ತದೆ, ಖಾಸಗಿ ದಾರಿಯಲ್ಲಿ ಮಾತ್ರ ಅಲ್ಲ. ಡಿಬಿಎ ಮೇಡಂ ವಿವರಿಸಿದ ಆರ್‌ಡಿಎಸ್‌ನ ಗುಣ ಇಲ್ಲಿಗೆ ಅನ್ವಯಿಸುವುದಿಲ್ಲ.

ಬೆಟ್ಟೆರಾಶಿ

ಡಿಬಿಎ ಮೇಡಂ, ನೀವು ಹೇಳಿದಂತೆ ಸಂಪರ್ಕಗಳ ಲಾಗ್ ಚಾಲೂ ಮಾಡಿ ಪಟ್ಟಿ ಮಾಡಿದೆ. ಶಾಖೆಗಳು, ಲೆಕ್ಕಿಗರು, ಲೆಕ್ಕಪರಿಶೋಧಕರು ಸಿಕ್ಕರು. ಅವರಲ್ಲದೆ ಪ್ರತಿದಿನ ಸಂಜೆ ಹೊರಗಿನ ಒಂದು ಸರ್ವರಿನಿಂದ ಸಂಪರ್ಕ ಬರುತ್ತಿದೆ. ವಿಚಾರಿಸಿದಾಗ, ಸದಸ್ಯರಿಗೆ ದರದ ಎಸ್‌ಎಂಎಸ್ ಕಳುಹಿಸುವ ಸಂಸ್ಥೆ ಮೊಬೈಲ್ ಸಂಖ್ಯೆಗಳನ್ನು ನೇರವಾಗಿ ನಮ್ಮ ಡೇಟಾಬೇಸ್‌ನಿಂದ ಎತ್ತಿಕೊಳ್ಳುತ್ತಿದೆ ಎಂದು ಗೊತ್ತಾಯಿತು. ಅವರೂ ಅಮೆಜಾನ್‌ನಲ್ಲೇ ಇದ್ದಾರಂತೆ, ವಿಪಿಸಿ ಪಿಯರಿಂಗ್ (ಎರಡು ವಿಪಿಸಿಗಳನ್ನು ನೇರವಾಗಿ ಜೋಡಿಸುವುದು) ಮಾಡಿಕೊಳ್ಳೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ? ಲೆಕ್ಕಪರಿಶೋಧಕರಿಗೂ ವಿಪಿಎನ್ ಕೊಡಬೇಕೇ? ನಾನು ಮನೆಯಿಂದ ಡೇಟಾಬೇಸ್ ನೋಡಬೇಕಾದಾಗ ಹೇಗೆ?

ಹಳೆಯ ಡಿಬಿಎ

ಪಿಯರಿಂಗ್ ಒಪ್ಪಬೇಡಿ. ಅವರದೂ ಡೀಫಾಲ್ಟ್ ವಿಪಿಸಿ ಆಗಿದ್ದರೆ ಎರಡೂ ಕಡೆ 172.31.0.0/16 ಇರುತ್ತದೆ, ವಿಳಾಸಗಳು ಒಂದರ ಮೇಲೊಂದು ಬಂದರೆ ಪಿಯರಿಂಗ್ ಆಗುವುದೇ ಇಲ್ಲ. ಅದು ತಾಂತ್ರಿಕ ತಡೆ. ಅದಿಲ್ಲದಿದ್ದರೂ ನಾನು ಬೇಡವೆನ್ನುತ್ತೇನೆ. ನಾಳೆ ಅವರ ಸರ್ವರಿಗೆ ಕನ್ನ ಬಿದ್ದರೆ ಕಳ್ಳ ನಿಮ್ಮ ಖಾಸಗಿ ನೆಟ್‌ವರ್ಕ್‌ನ ಹೊಸ್ತಿಲಲ್ಲೇ ನಿಂತಿರುತ್ತಾನೆ. ಉಣುಗೋಲು ಭದ್ರಪಡಿಸಿ ಹಿಂದಿನ ಬೇಲಿ ಕಿತ್ತುಕೊಟ್ಟಂತೆ ಆಗುತ್ತದೆ. ಅವರಿಗೆ ಬೇಕಿರುವುದು ಮೊಬೈಲ್ ಸಂಖ್ಯೆ, ಅಂದಿನ ದರ, ಅಷ್ಟೇ. ನಿಮ್ಮ ವೆಬ್ ಅಪ್ಲಿಕೇಶನ್ ಸಂಜೆ ಅಷ್ಟನ್ನು ಮಾತ್ರ ಅವರ ಎಪಿಐಗೆ (ತಂತ್ರಾಂಶಗಳು ಪರಸ್ಪರ ಮಾಹಿತಿ ಕೊಡುವ ಕಿಂಡಿ) ಕಳುಹಿಸಲಿ. ಅವರು ಒಳಗೆ ಬರುವ ಬದಲು ನೀವು ಹೊರಗೆ ಕೊಡಿ. ಅವರ ಬಳಕೆದಾರ ಹೆಸರಿಗೆ ಈಗ ಯಾವ ಯಾವ ಕೋಷ್ಟಕ ಓದುವ ಹಕ್ಕಿದೆ ಎಂದು ಇವತ್ತೇ ನೋಡಿ. ಬ್ಯಾಂಕ್ ಖಾತೆಯ ಕೋಷ್ಟಕವೂ ಸೇರಿದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ, ಅದನ್ನು ಕೂಡಲೇ ಕಿತ್ತುಹಾಕಿ.

ಲೆಕ್ಕಪರಿಶೋಧಕರಿಗೆ ಜೀವಂತ ಡೇಟಾಬೇಸ್ ಏಕೆ ಬೇಕು? ವರ್ಷಾಂತ್ಯದ ಸ್ನ್ಯಾಪ್‌ಶಾಟ್‌ನಿಂದ (ಆ ಹೊತ್ತಿನ ಡೇಟಾಬೇಸ್‌ನ ನಕಲು) ಒಂದು ಪ್ರತಿ ಎಬ್ಬಿಸಿ, ಅದರಿಂದ ಅವರಿಗೆ ಬೇಕಾದ ವರದಿ ತೆಗೆದುಕೊಟ್ಟು, ಪ್ರತಿಯನ್ನು ಅಳಿಸಿ. ಲೆಕ್ಕಿಗರ ಎಕ್ಸೆಲ್‌ಗೆ ಓದುವ ಹಕ್ಕು ಮಾತ್ರ ಇರುವ ಬೇರೆ ಹೆಸರು ಕೊಟ್ಟು ವಿಪಿಎನ್ ಮೂಲಕ ಬಿಡಿ. ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಕೀಲಿ ಇರಲಿ. ಒಬ್ಬರು ಕೆಲಸ ಬಿಟ್ಟರೆ ಒಂದು ಕೀಲಿ ಅಳಿಸಿದರೆ ಮುಗಿಯಬೇಕು.

ನಿಮಗೆ ವಿಪಿಎನ್ ಕೂಡ ಬೇಡ. ಅಮೆಜಾನ್‌ನ ಸೆಷನ್ ಮ್ಯಾನೇಜರ್ ಮೂಲಕ ವೆಬ್ ಯಂತ್ರವನ್ನು ನಡುವೆ ಇಟ್ಟುಕೊಂಡು ಡೇಟಾಬೇಸ್‌ನ ಪೋರ್ಟನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ತಂದುಕೊಳ್ಳಬಹುದು. ಒಳಬರುವ ಯಾವ ಪೋರ್ಟೂ ತೆರೆಯಬೇಕಾಗಿಲ್ಲ, ಎಸ್‌ಎಸ್‌ಎಚ್ ಕೀಲಿ ಹಂಚಬೇಕಾಗಿಲ್ಲ. ಯಾರು ಯಾವಾಗ ಅಧಿವೇಶನ ಆರಂಭಿಸಿದರು ಎಂಬುದು ಅಮೆಜಾನ್‌ನ ದಾಖಲೆ ಸೇವೆಯಾದ ಕ್ಲೌಡ್‌ಟ್ರೇಲ್‌ನಲ್ಲಿ ದಾಖಲಾಗುತ್ತದೆ. ಇಸಿ2 ಯಂತ್ರಕ್ಕೆ ಇದಕ್ಕೆ ಪ್ರತ್ಯೇಕ ಶುಲ್ಕವೂ ಇಲ್ಲ.

ಬದಲಾವಣೆಯ ದಿನ ಟೆಂಡರು ಮುಗಿದ ಮೇಲೆ ಕೈಹಾಕಿ. ಮೊದಲು ವೆಬ್ ಯಂತ್ರದ ಗ್ರೂಪಿಗೂ ವಿಪಿಎನ್ ವ್ಯಾಪ್ತಿಗೂ ಅನುಮತಿ ಸೇರಿಸಿ. ಮೂರು ಶಾಖೆಗಳೂ ವಿಪಿಎನ್ ಮೇಲೆ ಒಂದು ನಮೂದು ಮಾಡಿ ತೋರಿಸಿದ ನಂತರ 0.0.0.0/0 ತೆಗೆಯಿರಿ. ಕೊನೆಗೆ ಸಾರ್ವಜನಿಕ ಪ್ರವೇಶ 'ಇಲ್ಲ' ಮಾಡಿ. ಒಂದು ಎಚ್ಚರಿಕೆ: ಸಾರ್ವಜನಿಕ ಪ್ರವೇಶ ಇರುವವರೆಗೆ ಶಾಖೆಯಿಂದ ಆ ಹೆಸರು ಕೇಳಿದರೆ ಸಾರ್ವಜನಿಕ ಐಪಿಯೇ ಬರುತ್ತದೆ. ಆದ್ದರಿಂದ ಆ ಪರೀಕ್ಷೆಯನ್ನು ಖಾಸಗಿ ಐಪಿ ಬರೆದು ಮಾಡಿಸಿ, ಇಲ್ಲದಿದ್ದರೆ ವಿಪಿಎನ್ ಮೇಲೆ ಬಂದರು ಎಂದು ನೀವು ತಿಳಿದುಕೊಂಡಿರುತ್ತೀರಿ, ಅವರು ಹಳೆಯ ದಾರಿಯಲ್ಲೇ ಬಂದಿರುತ್ತಾರೆ. ಎಲ್ಲ ಮುಗಿದ ಮೇಲೆ ಮೊಬೈಲ್ ಡೇಟಾದಿಂದ ಆ ಪೋರ್ಟ್ ತಲುಪುತ್ತದೆಯೇ ನೋಡಿ. ತಲುಪಬಾರದು.

ಇದು ಮೊದಲ ಹಂತ. ಡೀಫಾಲ್ಟ್ ವಿಪಿಸಿಯ ಸಬ್‌ನೆಟ್‌ಗಳೆಲ್ಲ ಸಾರ್ವಜನಿಕವೇ, ಇಂಟರ್‌ನೆಟ್ ಗೇಟ್‌ವೇಯತ್ತ ಅವುಗಳಿಗೆ ದಾರಿಯಿರುತ್ತದೆ. ನಾಳೆ ಯಾರಾದರೂ ಒಂದು ಆಯ್ಕೆ ಬದಲಿಸಿದರೆ ಡೇಟಾಬೇಸ್ ಮತ್ತೆ ಹೊರಗೆ ಬರುತ್ತದೆ. ಬೇಸಿಗೆಯಲ್ಲೋ ವಹಿವಾಟು ತಗ್ಗಿದಾಗಲೋ ಎರಡನೆಯ ಹಂತ ಮಾಡಿ: ಗೇಟ್‌ವೇ ದಾರಿಯಿಲ್ಲದ ಸಬ್‌ನೆಟ್‌ಗಳನ್ನು ಕನಿಷ್ಠ ಎರಡು ಲಭ್ಯತಾ ವಲಯಗಳಲ್ಲಿ (ಪ್ರತ್ಯೇಕ ಡೇಟಾ ಕೇಂದ್ರಗಳು) ಮಾಡಿ, ಡಿಬಿ ಸಬ್‌ನೆಟ್ ಗ್ರೂಪ್ ಕಟ್ಟಿ, ಸ್ನ್ಯಾಪ್‌ಶಾಟ್‌ನಿಂದ ಡೇಟಾಬೇಸನ್ನು ಅಲ್ಲಿಗೆ ಎಬ್ಬಿಸಿ. ಈಗಿನ ಡೇಟಾಬೇಸ್ ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ಅದಕ್ಕೂ ಇದೇ ಸಮಯ. ಇರುವ ಡೇಟಾಬೇಸ್‌ಗೆ ಅದನ್ನು ಆಮೇಲೆ ಸೇರಿಸಲಾಗದು. ಸ್ನ್ಯಾಪ್‌ಶಾಟನ್ನು ಎನ್‌ಕ್ರಿಪ್ಟ್ ಮಾಡಿ ನಕಲಿಸಿ, ಆ ನಕಲಿನಿಂದ ಎಬ್ಬಿಸಬೇಕು.

ಸ್ವಿಚ್‌ಪೋರ್ಟ್

ಸ್ಪಷ್ಟವಾಯಿತು ಮೇಡಂ. ಒಂದು ಸಂದೇಹ. ಇಷ್ಟಾದ ಮೇಲೆ ಒಳಗಿನ ಸಂಪರ್ಕಕ್ಕೆ ಟಿಎಲ್‌ಎಸ್ (ಸಂಪರ್ಕದ ಎನ್‌ಕ್ರಿಪ್ಶನ್) ಬೇಕೇ? ಖಾಸಗಿ ನೆಟ್‌ವರ್ಕ್ ಅಲ್ಲವೇ?

ಹಳೆಯ ಡಿಬಿಎ

ಬೇಕು. ಪೋಸ್ಟ್‌ಗ್ರೆಸ್ 15ರಿಂದ ಆರ್‌ಡಿಎಸ್ ತಾನಾಗಿಯೇ ಟಿಎಲ್‌ಎಸ್ ಕಡ್ಡಾಯ ಮಾಡುತ್ತದೆ, ಅದಕ್ಕಿಂತ ಹಳೆಯದಾದರೆ ನೀವೇ ಚಾಲೂ ಮಾಡಬೇಕು. ಶಾಖೆಗಳ ಹಳೆಯ ಡೆಸ್ಕ್‌ಟಾಪ್ ತಂತ್ರಾಂಶ ಅದಕ್ಕೆ ಒಗ್ಗುತ್ತದೆಯೇ ಎಂದು ಮೊದಲು ಒಂದು ಕಂಪ್ಯೂಟರಿನಲ್ಲಿ ನೋಡಿಕೊಳ್ಳಿ.

ಖಾಸಗಿ ನೆಟ್‌ವರ್ಕ್ ತಡೆಯುವುದು ಹೊರಗಿನಿಂದ ನೇರವಾಗಿ ಬರುವವರನ್ನು. ವೆಬ್ ಯಂತ್ರದ ಮೂಲಕ ಬರುವವರನ್ನು ಅದು ತಡೆಯುವುದಿಲ್ಲ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನ ಸುಮಾರು 10 ಕೋಟಿ 60 ಲಕ್ಷ ಜನರ ಮಾಹಿತಿ ಹೊರಗೆ ಹೋದದ್ದು ಹೀಗೆಯೇ. ತಪ್ಪಾಗಿ ಸಂರಚಿಸಿದ್ದ ಒಂದು ಯಂತ್ರವನ್ನು ಬಳಸಿ, ಅದಕ್ಕಿದ್ದ ಹಕ್ಕುಗಳನ್ನೇ ಪಡೆದು ದತ್ತಾಂಶ ಎತ್ತಿದರು. ಅದೇ ವರ್ಷದ ಕೊನೆಗೆ ಅಮೆಜಾನ್ ಯಂತ್ರದ ಮೆಟಾಡೇಟಾ ಸೇವೆಯ (ಯಂತ್ರಕ್ಕೆ ಅದರ ಹಕ್ಕುಗಳ ಕೀಲಿ ಕೊಡುವ ಸೇವೆ) ಎರಡನೆಯ ಆವೃತ್ತಿ ತಂದಿತು. ನಿಮ್ಮ ಇಸಿ2 ಯಂತ್ರದಲ್ಲಿ ಅದನ್ನು ಕಡ್ಡಾಯಗೊಳಿಸಿ. ಅಪ್ಲಿಕೇಶನ್ ಮಾಸ್ಟರ್ ಬಳಕೆದಾರನ ಹೆಸರಿನಲ್ಲಿ ಡೇಟಾಬೇಸ್‌ಗೆ ಹೋಗುತ್ತಿದ್ದರೆ ನಿಲ್ಲಿಸಿ, ಬೇಕಾದಷ್ಟೇ ಹಕ್ಕಿರುವ ಹೆಸರು ಕೊಡಿ.

ಬೆಟ್ಟೆರಾಶಿಯವರೇ, ಇನ್ನೊಂದು ಜಾಗ ನೋಡಲೇಬೇಕು. ಆರ್‌ಡಿಎಸ್‌ನ ಸ್ನ್ಯಾಪ್‌ಶಾಟ್‌ಗಳ ಪಟ್ಟಿ ತೆರೆದು ಪ್ರತಿಯೊಂದರ ಹಂಚಿಕೆ ಅನುಮತಿ ನೋಡಿ. ಕೈಯಾರೆ ತೆಗೆದ, ಎನ್‌ಕ್ರಿಪ್ಟ್ ಆಗದ ಸ್ನ್ಯಾಪ್‌ಶಾಟನ್ನು ಯಾರಾದರೂ 'ಸಾರ್ವಜನಿಕ' ಎಂದು ಗುರುತಿಸಿದ್ದರೆ ಯಾವುದೇ ಅಮೆಜಾನ್ ಖಾತೆಯವರು ಅದನ್ನು ತಮ್ಮಲ್ಲಿ ಎಬ್ಬಿಸಿಕೊಳ್ಳಬಹುದು. ಸಬ್‌ನೆಟ್, ವಿಪಿಎನ್, ಸೆಕ್ಯುರಿಟಿ ಗ್ರೂಪ್ ಯಾವುದೂ ಆ ದಾರಿಯಲ್ಲಿ ಅಡ್ಡ ಬರುವುದಿಲ್ಲ.

ಬೆಟ್ಟೆರಾಶಿ

ಸ್ನ್ಯಾಪ್‌ಶಾಟ್‌ಗಳೆಲ್ಲ ಖಾಸಗಿಯಾಗಿಯೇ ಇವೆ, ಈಗಷ್ಟೇ ನೋಡಿದೆ. ಎಸ್‌ಎಂಎಸ್ ಸಂಸ್ಥೆಯ ಹೆಸರಿಗೆ ಎಲ್ಲ ಕೋಷ್ಟಕಗಳನ್ನೂ ಓದುವ ಹಕ್ಕು ಇತ್ತು, ತೆಗೆದಿದ್ದೇನೆ. ಮೊಬೈಲ್ ಸಂಖ್ಯೆಯ ಕೋಷ್ಟಕ ಮಾತ್ರ ಉಳಿಸಿದ್ದೇನೆ, ಎಪಿಐ ಸಿದ್ಧವಾದ ದಿನ ಅದೂ ಹೋಗುತ್ತದೆ. ವೈರ್‌ಗಾರ್ಡ್ ಯಂತ್ರ ಎದ್ದಿದೆ, ಒಂದು ಶಾಖೆ ಖಾಸಗಿ ಐಪಿಯ ಮೂಲಕ ತೂಕದ ನಮೂದು ಮಾಡಿದೆ. ಉಳಿದ ಎರಡು ಶಾಖೆಗಳಿಗೆ ನಾನೇ ಹೋಗಿ ಅಳವಡಿಸುತ್ತೇನೆ.

ಆ ವಿಪಿಎನ್ ಯಂತ್ರ ಕೆಟ್ಟರೆ ಮೂರೂ ಶಾಖೆ ನಿಲ್ಲುತ್ತವಲ್ಲ, ಅದಕ್ಕೇನು ಮಾಡಬೇಕು ಎಂಬುದೊಂದನ್ನು ಹೇಳಿಬಿಡಿ.

ಹಳೆಯ ಡಿಬಿಎ

ಯಂತ್ರಕ್ಕೆ ಎಲಾಸ್ಟಿಕ್ ಐಪಿ (ಒಂದು ಯಂತ್ರದಿಂದ ಇನ್ನೊಂದಕ್ಕೆ ಜೋಡಿಸಬಹುದಾದ ಸ್ಥಿರ ಐಪಿ) ಹಾಕಿ, ಸಿದ್ಧವಾದ ಸ್ಥಿತಿಯ ಒಂದು ಎಎಂಐ (ಯಂತ್ರದ ಪೂರ್ಣ ಪಡಿಯಚ್ಚು) ತೆಗೆದಿಡಿ. ಕೆಟ್ಟರೆ ಎಎಂಐಯಿಂದ ಹೊಸದನ್ನು ಎಬ್ಬಿಸಿ, ಅದೇ ಐಪಿಯನ್ನು ಅದಕ್ಕೆ ಜೋಡಿಸಿ, ಮೂಲ-ಗಮ್ಯ ತಪಾಸಣೆ ನಿಲ್ಲಿಸಿ, ರೂಟ್ ಟೇಬಲ್‌ನಲ್ಲಿ 10.77.0.0/24ರ ದಾರಿಯನ್ನು ಹೊಸ ಯಂತ್ರದತ್ತ ತಿರುಗಿಸಿ. ಕೀಲಿಗಳು ಎಎಂಐಯಲ್ಲೇ ಇರುವುದರಿಂದ ಶಾಖೆಗಳಲ್ಲಿ ಏನನ್ನೂ ಮುಟ್ಟಬೇಕಾಗಿಲ್ಲ. ಅದೇ ಕಾರಣಕ್ಕೆ ಆ ಎಎಂಐಯನ್ನು ಯಾರೊಂದಿಗೂ ಹಂಚಬೇಡಿ. ಈ ಕ್ರಮವನ್ನು ಕಾಗದದಲ್ಲಿ ಬರೆದು, ನೀವು ಊರಲ್ಲಿಲ್ಲದಾಗ ಮಾಡಬಲ್ಲ ಇನ್ನೊಬ್ಬರ ಕೈಯಿಂದ ಒಮ್ಮೆ ಮಾಡಿಸಿ ನೋಡಿ.